ಪೆನ್ಸಿಲ್ಲಿನ ಪಟ್ಟಿ

ನಾಳೆ ಹತ್ತರೊಳಗ ಕಳಿಸಬೇಕಂತ,
ಹನ್ನೆರಡು ಹೆಸರು, ಒಂದರಿಂದ ಹನ್ನೆರಡು,
ಎದುರಿಗೆ ಕಾರಣ, ಒಂದು ಸಾಲು ಮೀರದಂಗ.
ಸೈಕಲ್ ಹಾಸ್ಟೆಲ್ಲಿನ ಕಟ್ಟಿ ಮ್ಯಾಲ ಕುಂತೀನಿ.
ವಿಜಯಪುರದ ಗಾಳಿ ಇನ್ನೂ ಮಲಗಿಲ್ಲ,
ಹಾಳಿಯ ಮೂಲಿ ಹಿಡಿದು ಎಳೀತೈತಿ.
ಒಳಗ ಚೈನಿನ ಎಣ್ಣಿ, ಒಣಗದ ಸಾಕ್ಸು,
ಯಾರೋ ಕನಸಿನಾಗ ಪೆಡಲ್ ತುಳದು
ಮಂಚ ಕಿರ್ ಅನ್ನಸ್ತಾರ.

ಒಂದನೇದು ಬರಿಯೂದು ಸಸಾರ:
ಸಾತಲಿಂಗ ಕನಮಡಿ, ಹದಿನೇಳು ವರ್ಷ,
ತೊರವಿ ರಸ್ತಾದಾಗ ಹತ್ತು ಕಿಲೋಮೀಟರು
ಹದಿಮೂರು ನಿಮಿಷ ನಲವತ್ತು ಸೆಕೆಂಡು.
ಗಡಿಯಾರ ಹೇಳತೈತಿ, ನಾ ಬರಕೋತೀನಿ.
ಗಡಿಯಾರ ಹೇಳದ್ದು:
ಸೋತ ದಿನ ಅಂವ ಊಟಕ್ಕ ಬರೂದಿಲ್ಲ,
ಮರುದಿನಾನೂ ಬರೂದಿಲ್ಲ.
ಅದಕ್ಕ ಈ ಹಾಳಿಯೊಳಗ ಜಾಗಾ ಇಲ್ಲ.

ಎರಡು ಮೂರು ಅಳಿಸಿ ಅಳಿಸಿ
ಕಾಗದ ಜಾಳಾಗೇತಿ.
ರೇಶ್ಮಾ ನದಾಫ್: ಅಪ್ಪ ಗಾದಿ ಹೊಲಿಯಾಂವ,
ಮಗಳು ಮೆತ್ತನ್ನ ಸೀಟು ಒಲ್ಲೆ ಅಂತಾಳ.
ಜಮನಾ ರಾಠೋಡ: ಎದುರುಗಾಳಿ ಬಂದ್ರ
ಉಳದವರು ತಲಿ ತಗ್ಗಸ್ತಾರ,
ಆಕಿ ತಲಿ ಎತ್ತಿ ಬೈತಾಳ, ತಾಂಡಾದ ಮಾತಿನಾಗ.
ನನಗ ತಿಳಿಯೂದಿಲ್ಲ.
ಗಾಳಿಗೆ ತಿಳೀತೈತಿ ಅನಸ್ತದ,
ಸ್ವಲ್ಪ ಸರದು ನಿಲ್ಲತೈತಿ.
'ಎದುರುಗಾಳಿಗೆ ಉತ್ತಮ' ಅಂತ ಬರದೆ.
ಬೈಗುಳ ಬರೀಲಿಲ್ಲ.

ನಾಲ್ಕನೇ ಜಾಗಾ ಖಾಲಿ ಬಿಟ್ಟೀನಿ.
ಯಾಕಂತ ಆಮ್ಯಾಲ ಹೇಳತೀನಿ.

ಅರಕೇರಿ ಅವಳಿ, ಅಮೋಘಸಿದ್ಧ, ಮಾಳಿಂಗರಾಯ,
ಇವರನ್ನ ಐದು ಆರು ಅಂತ ಹೆಂಗ ಒಡೀಲಿ?
ಒಬ್ಬಂವ ಮುಂದ ಹೋಗಿ ಗಾಳಿ ತಿಂತಾನ,
ಇನ್ನೊಬ್ಬ ಹಿಂದ ಉಸಿರು ಕೂಡಿಡತಾನ,
ಮೈಲುಗಲ್ಲಿಗೆ ಅದಲ ಬದಲ, ಮಾತಿಲ್ಲ ಕತಿಯಿಲ್ಲ.
ಕೂಡಿದ್ರ ಇಬ್ಬರೂ ಒಂದನೇದವರು,
ಬಿಡಿಸಿದ್ರ ಹತ್ತನೇದವರು.
ಮ್ಯಾಲಿನವರು ಬಿಡಿಸೇ ಕೇಳ್ಯಾರ.

ಕಡೀಕ ಚಿದಾನಂದ, ಹದಿಮೂರರ ಪೋರ.
ಸೀಟು ತಳದ ತನಕ ಇಳಿಸಿದ್ರೂ ಕಾಲು ನಿಲುಕವಲ್ಲವು,
ಗೇರು ಬದಲಿಸೂದ ಮರೀತಾನ,
ರೇಸಿನಾಗ ಕಬ್ಬಿನ ಟ್ರ್ಯಾಕ್ಟರ್ ನೋಡಕೋತ ನಿಲ್ಲತಾನ.
ಆದ್ರ ಒಂದು ವರ್ಷದಾಗ ಬೂಟು ಎರಡು ನಂಬರ ಬೆಳದಾವು.
ಪಾದ ಮೊದಲು ಬರತಾವು, ಆಳು ಆಮ್ಯಾಲ.
ಹನ್ನೆರಡು ಅಂತ ಬರದು
ಬಾಜೂಕ ಒಂದು ಸಣ್ಣ ಚುಕ್ಕಿ ಇಟ್ಟೆ.
ಯಾರಿಗೂ ಕಾಣಬಾರದು,
ನನಗ ಕಂಡ್ರ ಸಾಕು.

ನಮ್ಮ ಕಾಲದ ಪಟ್ಟಿಯೂ ಹಿಂಗ, ಪೆನ್ಸಿಲ್ಲಿಂದು.
ಒಂದನೇ ಹೆಸರು ಗುರುಪಾದ ಝಳಕಿ.
ನಾ ನಾಲ್ಕು.
ಪದಕ ತಂದಾಂವ ಒಂಬತ್ತನೇದಂವ,
ಅವನ ಹೆಸರನ್ನ ನಮ್ಮ ಗುರುಗಳು ತಪ್ಪು ಬರದಿದ್ರು.
ಗುರುಪಾದ ಈಗ ಇಂಡಿ ಬಸ್ ಓಡಸ್ತಾನ.
ಮುಂಜಾನೆ ಆರೂವರೀಗೆ ನಮ್ಮ ಹುಡುಗರನ್ನ ದಾಟತಾನ,
ದಾಟಿ, ಯಾಕೋ ಏನೋ, ನಿಧಾನ ಆಗತಾನ,
ನಲವತ್ತೈದಕ್ಕ ಹಿಡಿದು, ಗಂಟಿ ಹಚ್ಚಿದಂಗ.
ಬಸ್ಸಿನ ಬೆನ್ನ ಹಿಂದ ಗಾಳಿಯಿಲ್ಲದ ಒಂದು ಖೋಲಿ,
ಹನ್ನೆರಡೂ ಮಂದಿ ಅದರೊಳಗ ಹೊಕ್ಕು ಹಾರತಾರ.
ಕಂಡಕ್ಟರ್ ಒದರತಾನ, ಟೈಮ್ ಆತು ಅಂತ.
ಒಂದನೇದಂವ ಕನ್ನಡಿಯಾಗ ನೋಡಕೋತ
ಇನ್ನೊಂದು ಮೈಲು ಕೇಳಿಸದಂಗ ಮಾಡತಾನ.
ಹುಡುಗರಿಗೆ ಇದ್ಯಾವುದೂ ಗೊತ್ತಿಲ್ಲ.
"ಆ ಬಸ್ ಭಾಳ ಛಲೋ ರೀ ಸರ್" ಅಂತಾರ.

ನೀರು ಕುಡಿಯಾಕ ಎದ್ದು ಬಂದ ಚಿದಾನಂದ,
ಚಡ್ಡಿ ಎತ್ತಕೋತ, ಅರ್ಧಾ ಕಣ್ಣು ಮುಚ್ಚಿ:
"ಏನು ಬರ್ಯಾಕತ್ತೀರಿ ಸರ್?"
"ಕಿರಾಣಿ ಸಾಮಾನದ ಚೀಟಿ. ಹೋಗಿ ಮಲಕೊ."
"ಬೆಲ್ಲ ಬರೀರಿ. ಮುಗದೈತಿ."

ನಾಲ್ಕನೇ ಜಾಗಾ ಖಾಲಿ ಇತ್ತಲ್ಲ,
ಬರದೆ:
ಬೆಲ್ಲ, ಎರಡು ಕಿಲೋ.
ಬೆಳಗಾದ್ರ ಅಳಿಸಿದ್ರಾತು.